ಅಶೋಕನ ಮೂರು ಪ್ರತಿ

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಆಸುಪಾಸಿನಲ್ಲಿ ಅಶೋಕನ ಒಂದೇ ಶಾಸನ ಮೂರು ಕಡೆ ಇದೆ: ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ. ಇವನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಜಟಿಂಗ ರಾಮೇಶ್ವರದ ಬಂಡೆ ಬಹುಪಾಲು ಸವೆದುಹೋಗಿದೆ. ಬ್ರಹ್ಮಗಿರಿಯ ‘ಅಕ್ಷರಗುಂಡು’ ಬಂಡೆ ಮೂರರಲ್ಲೇ ಚೆನ್ನಾಗಿ ಉಳಿದಿದೆ. ಒಂದರಲ್ಲಿ ಅಳಿದದ್ದನ್ನು ಇನ್ನೊಂದರಲ್ಲಿ ಓದಿಕೊಳ್ಳಬಹುದು. ಅಶೋಕನಿಗೆ ಬೇಕಿದ್ದದ್ದು ಪ್ರಚಾರ, ಬ್ಯಾಕಪ್ ಅಲ್ಲ. ಆದರೂ ಬ್ಯಾಕಪ್ ಅಂದರೆ ಇದೇ.

‘ಫೋಟೋ ಎಲ್ಲಾ ಕ್ಲೌಡ್‌ನಲ್ಲಿದೆ ಬಿಡಿ’ ಅನ್ನುವವರು ಈ ಬಂಡೆಗಳನ್ನು ಒಮ್ಮೆ ನೋಡಿ ಬರಬೇಕು. ಕ್ಲೌಡ್ ಆಕಾಶದಲ್ಲೇನೂ ಇಲ್ಲ. ಯಾವುದೋ ಊರಿನ ಕಟ್ಟಡದಲ್ಲಿ ಸಾಲು ಸಾಲು ಡಿಸ್ಕುಗಳು. ಒಂದು ಡಿಸ್ಕ್ ಕೆಟ್ಟರೆ ಇರಲಿ ಎಂದು ಕಂಪನಿಯವರು ಇನ್ನೊಂದರಲ್ಲೂ ಇಟ್ಟಿರುತ್ತಾರೆ, ನಿಜ. ಆದರೆ ಆ ಪ್ರತಿಗಳೆಲ್ಲ ನಿಮ್ಮ ಬೆರಳಿನ ಮಾತು ಕೇಳುತ್ತವೆ, ತೊಂದರೆ ಇರುವುದೇ ಅಲ್ಲಿ. ಫೋನು ತುಂಬಿತೆಂದು ಗೂಗಲ್ ಫೋಟೋಸ್‌ನಲ್ಲಿ ಮೊಮ್ಮಗಳ ನಾಮಕರಣದ ಚಿತ್ರ ಒತ್ತಿ ಕಸದ ಬುಟ್ಟಿ ಮುಟ್ಟಿದರೆ ಅದು ಫೋನಿನಿಂದಲೂ ಹೋಯಿತು, ಕ್ಲೌಡ್‌ನಿಂದಲೂ ಹೋಯಿತು. ಬ್ಯಾಕಪ್ ಆಗಿದ್ದ ಚಿತ್ರ 60 ದಿನ ಬುಟ್ಟಿಯಲ್ಲಿರುತ್ತದೆ, ಆಮೇಲೆ ಸಿಗದು. ಫೋನಿನ ಜಾಗವಷ್ಟೇ ಖಾಲಿಯಾಗಬೇಕೆಂದರೆ ಒತ್ತಬೇಕಾದದ್ದು ‘ಫ್ರೀ ಅಪ್ ಸ್ಪೇಸ್’. ಎರಡೂ ಒಂದೇ ಆ್ಯಪಿನಲ್ಲಿ ಇರುವುದರಿಂದಲೇ ಜನ ಮೋಸಹೋಗುವುದು.

ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಫೋಟೋಗೊಂದೇ ಮೀಸಲಲ್ಲ. ಜಿಮೇಲ್, ಡ್ರೈವ್ ಎಲ್ಲಕ್ಕೂ ಸೇರಿಯೇ ಅಷ್ಟು. ಗುಣಮಟ್ಟ ಇಳಿಸಿದ ಚಿತ್ರಗಳೂ 2021ರ ಜೂನ್ 1ರಿಂದ ಅದೇ ಲೆಕ್ಕಕ್ಕೆ ಬಿದ್ದವು. ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ಪೂ ಈಗ ಆ 15 ಜಿಬಿಯಲ್ಲೇ. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸುವ ಹಕ್ಕೂ ಕಂಪನಿಯದೇ. ಸರ್ಕಾರದ ಡಿಜಿಲಾಕರ್ ಕತೆ ಬೇರೆ: ಇಲಾಖೆ ನೇರವಾಗಿ ಕೊಟ್ಟ ದಾಖಲೆಯನ್ನು ಅಲ್ಲಿಂದಲೇ ಮತ್ತೆ ತರಿಸಬಹುದು, ಅದಕ್ಕಾಗಿ ತಲೆಬಿಸಿ ಬೇಡ.

ದೊಡ್ಡವರೂ ಎಡವುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ನೌಕರರ 858 ಟಿಬಿ ಕಡತ ಸುಟ್ಟುಹೋಯಿತು. ಬೇರೆಡೆ ಪ್ರತಿ ಇರಲಿಲ್ಲ.

ಹಾಗಾಗಿ ಗೂಗಲ್ ಟೇಕ್‌ಔಟ್‌ನಲ್ಲಿ ನಿಮ್ಮ ಚಿತ್ರಗಳನ್ನು ಕೇಳಿ ಪಡೆಯಿರಿ. ಡೌನ್‌ಲೋಡ್ ಕೊಂಡಿ ಬಂದು ಸುಮಾರು ಏಳು ದಿನಕ್ಕೆ ಅದರ ಅವಧಿ ಮುಗಿಯುತ್ತದೆ, ‘ನಾಳೆ ನೋಡೋಣ’ ಅಂದರೆ ಕೆಟ್ಟಿರಿ. ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ನಾಲ್ಕಾರು ಫೈಲು ತೆರೆದು ನೋಡಿ, ವೈರು ಕಿತ್ತಿಡಿ. ಸಾಧ್ಯವಾದರೆ ಆ ಡಿಸ್ಕು ಬೇರೆ ಮನೆಯಲ್ಲಿರಲಿ.