ಒಂದೇ ಬಟ್ಟಲು, ಎರಡು ಸಾಲು

ಕ್ರೈಸ್ತ ಸಭೆಗಳ ಐಕ್ಯದ ಮಾತು ಬಂದಾಗಲೆಲ್ಲ ವಿದ್ವಾಂಸರು ಯುರೋಪಿನಿಂದಲೇ ಕತೆ ಶುರು ಮಾಡುತ್ತಾರೆ. ಲೂಥರ್ ರೋಮಿನಿಂದ ಯಾಕೆ ಬೇರೆಯಾದ, 1529ರಲ್ಲಿ ಮಾರ್ಬರ್ಗ್‌ನಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಪ್ರಭುಭೋಜನದ ಅರ್ಥದ ಬಗ್ಗೆ ಯಾಕೆ ಒಪ್ಪಲಿಲ್ಲ, ಆ ಒಡಕನ್ನು ಈಗ ಬೆಸೆಯೋದು ಹೇಗೆ? ಚರ್ಚೆ ಇಷ್ಟರಲ್ಲೇ ಸುತ್ತುತ್ತದೆ. ಆ ಭೋಜನದ ಬಟ್ಟಲು ನಮ್ಮ ದೇಶದ ಕೇರಿಗಳಿಗೆ ಬಂದಾಗ ಏನಾಯಿತು ಅಂತ ಕೇಳುವವರು ಕಡಿಮೆ.

ಪ್ರೊಟೆಸ್ಟೆಂಟ್ ಪರಂಪರೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1520ರಲ್ಲಿ ಲೂಥರ್ ಬರೆದ ಎರಡು ಮಾತು ನಮಗೆ ಮುಖ್ಯ: ನಂಬಿದವರೆಲ್ಲರೂ ಯಾಜಕರೇ, ಪಾದ್ರಿಗಳು ತಮಗಷ್ಟೇ ಇಟ್ಟುಕೊಂಡಿದ್ದ ದ್ರಾಕ್ಷಾರಸದ ಬಟ್ಟಲು ಜನರಿಗೂ ಸಲ್ಲಬೇಕು. ಹುಟ್ಟನ್ನೇ ಹಿಂದಿನ ಜನ್ಮದ ಲೆಕ್ಕವೆಂದು ಕೇಳಿಸಿಕೊಂಡು ಬೆಳೆದ ಜನಕ್ಕೆ ಇದೇನು ಸಣ್ಣ ಮಾತಲ್ಲ.

ಆದರೆ ತಂಜಾವೂರಿನಲ್ಲಿ, ಮದ್ರಾಸಿನ ವೇಪೇರಿಯಲ್ಲಿ ವೆಳ್ಳಾಳ ಕ್ರೈಸ್ತರು ಬೇರೆ ಕೂತರು, ಬಟ್ಟಲು ಮೊದಲು ತಮಗೇ ಬರಬೇಕೆಂದರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯೊಳಗೆ ಜಾತಿ ಕೂಡದೆಂದು ಸುತ್ತೋಲೆ ಕಳಿಸಿದಾಗ ಅವರಲ್ಲಿ ಅನೇಕರು ಸಭೆಯನ್ನೇ ಬಿಟ್ಟರು, ಜಾತಿ ಬಿಡಲಿಲ್ಲ. ಮುಂದೆ ಲೈಪ್‌ಜಿಗ್‌ನ ಲೂಥರನ್ ಮಿಷನ್ ಜಾತಿಯನ್ನು ಬರೀ ಸಾಮಾಜಿಕ ಪದ್ಧತಿ ಎಂದು ಸಹಿಸಿಕೊಂಡಿತು. ಹಲವರು ಅಲ್ಲಿಗೆ ಹೋದರು. ಇವರು ಸಭೆ ಬದಲಿಸಿದ್ದಕ್ಕೆ ಜ್ವಿಂಗ್ಲಿ ಕಾರಣನಲ್ಲ, ಪಕ್ಕದಲ್ಲಿ ಕೂರಲು ಬಂದ ಪರೆಯ ಕಾರಣ.

ಹಾಗಂತ ಐಕ್ಯದ ಆಸೆ ಸುಳ್ಳೆನ್ನಲಾರೆ. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿ ಐಕ್ಯಕ್ಕೆ ಕರೆಕೊಟ್ಟವರಲ್ಲಿ ಹೆಚ್ಚಿನವರು ಭಾರತೀಯರೇ. ಅವರ ಮುಂದಾಳು ದೋರ್ನಕಲ್‌ನ ಬಿಷಪ್ ವಿ.ಎಸ್. ಅಜರಯ್ಯ, ಅವರ ಸಭೆಯ ಬಹುಪಾಲು ಜನ ಮಾಲರು, ಮಾದಿಗರು. ಪಶ್ಚಿಮದ ಹಳೇ ಜಗಳ ನಮಗ್ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಮಾತುಕತೆ 28 ವರ್ಷ ಎಳೆಯಿತು. ಬಿಷಪ್ ಕೈಯಿಡದೆ ದೀಕ್ಷೆ ಪಡೆದ ಪಾದ್ರಿ ಪಾದ್ರಿಯೇ ಅಲ್ಲವೇ ಎಂಬುದೇ ದೊಡ್ಡ ಕಗ್ಗಂಟು. ಅಜರಯ್ಯ 1945ರಲ್ಲಿ ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಸಾಧನೆಯೇ ಸರಿ. ಆದರೆ ಯಾರ ಕೈ ಯಾರ ತಲೆಯ ಮೇಲಿರಬೇಕೆಂದು ಕೇಳಿದಷ್ಟು ಹಠದಿಂದ, ಯಾರು ಮುಟ್ಟಿದ ಬಟ್ಟಲನ್ನು ಯಾರು ಮುಟ್ಟುತ್ತಾರೆಂದು ಕೇಳಲಿಲ್ಲ.

ಕೇಳಿದ್ದು ಬೆಂಗಳೂರಿನಲ್ಲಿ. ಹಲವು ಪ್ರೊಟೆಸ್ಟೆಂಟ್ ಸಂಸ್ಥೆಗಳು ಕೂಡಿ 1910ರಲ್ಲಿ ಕಟ್ಟಿದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಈ ಗಂಟಿಗೆ ಕೈಹಾಕಿದರು. ಭಾರತೀಯ ಕ್ರೈಸ್ತ ದೈವಶಾಸ್ತ್ರ ಬ್ರಾಹ್ಮಣ ಪರಂಪರೆಯ ಜೊತೆ ಮಾತಾಡುತ್ತಾ ಕೂತಿದೆ, ಸಭೆಯ ಬಹುಸಂಖ್ಯಾತರಾದ ದಲಿತರ ನೋವು ಅದರಲ್ಲಿಲ್ಲ ಎಂಬುದು ಅವರ ತಕರಾರು. ದಲಿತ ದೈವಶಾಸ್ತ್ರ ಮೊಳೆತದ್ದು ಹೀಗೆ. ಸೆಮಿನರಿಯ ಪಾಠ ಮಾತ್ರ ಸ್ಮಶಾನದ ಗೋಡೆ ಒಡೆಯಲಿಲ್ಲ. ತಿರುಚ್ಚಿಯ ಕೆಥೋಲಿಕ್ ಸ್ಮಶಾನದಲ್ಲೂ ದಲಿತರ ಗೋರಿಗಳನ್ನು ಬೇರೆ ಮಾಡಲು ಗೋಡೆ ಎದ್ದಿತ್ತು. ಲೂಥರ್, ಪೋಪ್ ಜಗಳ ಮರೆತು ಒಂದಾದ ಜಾಗ ಇದೇ ಏನೋ.

1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಬಂದರು. ಇವರು ಇನ್ನೂ ಹೊರಗೇ. ಕ್ರೈಸ್ತರಲ್ಲಿ ಜಾತಿಯಿಲ್ಲ ಎಂದು ಸರ್ಕಾರ ವಾದಿಸಿತು. ಪೂಜಾಪೀಠದಿಂದ ಅದೇ ಮಾತು ಹೇಳುವ ಪಾದ್ರಿಗೆ, ತಾನು ಯಾರ ಪರ ಸಾಕ್ಷಿ ನುಡಿಯುತ್ತಿದ್ದೇನೆಂದು ಗೊತ್ತಿದೆಯೇ?

ಐಕ್ಯದ ಮಾತುಕತೆ ನಡೆಯಲಿ. ಹೋಟೆಲಿನ ಬೇರೆ ಲೋಟದ ವಿರುದ್ಧ ಹೋರಾಡಿದವರು ನಾವು. ಬಟ್ಟಲಿನ ರಾಜಕೀಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮುಂದಿನ ಸಲ ಐಕ್ಯದ ಕರಡು ಕೈಗೆ ಬಂದಾಗ, ಬಿಷಪ್ ಬಗ್ಗೆ ಏನಿದೆ ಅಂತ ನೋಡುವ ಮೊದಲು ಸ್ಮಶಾನದ ಬಗ್ಗೆ ಏನಿದೆ ಅಂತ ಹುಡುಕೋಣ.