ಬೆಂಚಿನಲ್ಲಿ ಕಲಿತ ಕೋಚ್

ದೊಡ್ಡ ಆಟಗಾರ ಒಳ್ಳೆಯ ಕೋಚ್ ಆಗಲಾರ ಎನ್ನುವವರು ಬ್ಯಾಸ್ಕೆಟ್‌ಬಾಲ್ ತಾರೆ ಮ್ಯಾಜಿಕ್ ಜಾನ್ಸನ್ ಅವರತ್ತ ಬೆರಳು ತೋರುತ್ತಾರೆ: 1994ರಲ್ಲಿ ಲೇಕರ್ಸ್ ಕೋಚ್ ಆಗಿ 16 ಪಂದ್ಯಗಳಲ್ಲಿ 11 ಸೋತು ಆ ಕೆಲಸವನ್ನೇ ಬಿಟ್ಟರು. ಆದರೆ ಬಿಲ್ ರಸೆಲ್ ಆಡುತ್ತಲೇ ಕೋಚ್ ಆಗಿ 1968, 1969ರಲ್ಲಿ ಬಾಸ್ಟನ್ ತಂಡವನ್ನು ಗೆಲ್ಲಿಸಿದರಲ್ಲ! ಆಟಗಾರ ಎಷ್ಟು ದೊಡ್ಡವನು ಎನ್ನುವುದಕ್ಕಿಂತ ಅವನು ಆಟವನ್ನು ಎಲ್ಲಿ ಕೂತು ನೋಡಿದ ಎನ್ನುವುದು ಮುಖ್ಯ. ಕೋಚ್ ಸ್ಟೀವ್ ಕರ್ ಅವರನ್ನೇ ನೋಡಿ: ಆಡಿದ 910 ಎನ್‌ಬಿಎ ಪಂದ್ಯಗಳಲ್ಲಿ ಮೊದಲ ಐವರೊಡನೆ ಕಣಕ್ಕಿಳಿದದ್ದು 30ರಲ್ಲಿ ಮಾತ್ರ. ಉಳಿದವುಗಳಲ್ಲಿ ಬೆಂಚಿನಲ್ಲಿ ಸರದಿ ಕಾದರು. ಫಿಲ್ ಜಾಕ್ಸನ್, ಗ್ರೆಗ್ ಪಾಪೊವಿಚ್ ಎಂಬ ಇಬ್ಬರು ಗುರುಗಳ ಕೈಕೆಳಗೆ ಐದು ಪ್ರಶಸ್ತಿಗಳಲ್ಲಿ ಪಾಲು ಪಡೆದರು.

2014ರಲ್ಲಿ ಕೋಚಿಂಗ್ ಅನುಭವವೇ ಇಲ್ಲದೆ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಬಂದ ಅವರ ಮೊದಲ ದಿಟ್ಟತನ ಆ ಬೆಂಚಿಗೇ ಸಂಬಂಧಿಸಿದ್ದು. ಹತ್ತು ವರ್ಷ ಲೀಗ್‌ನ ತಾವಾಡಿದ ಪ್ರತಿ ಪಂದ್ಯದಲ್ಲೂ ಮೊದಲ ಐವರೊಡನೆ ಇಳಿದಿದ್ದ ಆಂದ್ರೆ ಇಗುಡಾಲರನ್ನು ಬದಲಿ ಆಟಗಾರನಾಗಿ ಕೂರಲು ಒಪ್ಪಿಸಿದರು. ಒಬ್ಬಿಬ್ಬರೇ ಚೆಂಡು ಹಿಡಿದು ನಿಲ್ಲುತ್ತಿದ್ದ ತಂಡಕ್ಕೆ ಪಾಸ್‌ನ ರೂಢಿ ಹತ್ತಿಸಿದರು. ಮೊದಲ ವರ್ಷವೇ 67 ಗೆಲುವು, ಜೊತೆಗೆ ಪ್ರಶಸ್ತಿ. ಫೈನಲ್ಸ್‌ನಲ್ಲಿ 2-1ರಿಂದ ಹಿಂದಿದ್ದಾಗ ಎತ್ತರದ ಆಂಡ್ರ್ಯೂ ಬೋಗಟ್ ಬದಲು ಇಗುಡಾಲರನ್ನೇ ಮೊದಲು ಇಳಿಸಿದರು. ಆ ಸಲಹೆ ಬಂದದ್ದು ನಿಕ್ ಯುರೆನ್ ಎಂಬ ಕಿರಿಯ ಸಹಾಯಕನಿಂದ. ಕೊನೆಯಲ್ಲಿ ಕೂತವನ ಮಾತಿಗೂ ಕಿವಿಗೊಡುವ ಗುಣ ತಾರೆಯರಿಗೆ ಸುಲಭಕ್ಕೆ ಬರುವುದಿಲ್ಲ.

ತಂಡದಲ್ಲಿ ಕರಿ, ಥಾಂಪ್ಸನ್, ಗ್ರೀನ್ ಎಂಬ ಮೂವರು ತಾರೆಯರಿದ್ದರೆ ಯಾವ ಕೋಚ್ ಆದರೂ ಗೆಲ್ಲುತ್ತಿದ್ದರು ಎಂಬ ಆಕ್ಷೇಪವಿದೆ. ಮರುವರ್ಷ ಕರ್ ಬೆನ್ನುನೋವಿನಿಂದ ರಜೆಯಲ್ಲಿದ್ದಾಗ ಸಹಾಯಕ ಕೋಚ್ ಲ್ಯೂಕ್ ವಾಲ್ಟನ್ ಕೈಯಲ್ಲಿ ತಂಡ ಸತತ 24 ಪಂದ್ಯ ಗೆದ್ದಿತಲ್ಲ ಎಂಬುದು ಅದರ ಬಾಲ. ಆದರೆ ಕರ್ ಬರುವ ಮುಂಚಿನ ವರ್ಷ ಅದೇ ಮೂವರು ಹಿಂದಿನ ಕೋಚ್ ಅಡಿಯಲ್ಲಿ ಗೆದ್ದದ್ದು 51 ಪಂದ್ಯ. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಹೊರಬಿದ್ದರು. ವಾಲ್ಟನ್ ನಡೆಸಿದ್ದು ಕರ್ ಹಾಕಿದ್ದ ಪದ್ಧತಿಯನ್ನೇ. ಮುಂದೆ ಲೇಕರ್ಸ್‌ನಲ್ಲಿ ಮೂರು ವರ್ಷವಿದ್ದರೂ ಅವರ ತಂಡ ಪ್ಲೇಆಫ್ ಮುಟ್ಟಲಿಲ್ಲ. ಹಾಗೆಂದು ಆಕ್ಷೇಪ ಪೂರಾ ಸುಳ್ಳಲ್ಲ. ಥಾಂಪ್ಸನ್ ಇಡೀ ವರ್ಷ, ಕರಿ ಬಹುಪಾಲು ಗಾಯಗೊಂಡು ಹೊರಗಿದ್ದ 2019-20ರಲ್ಲಿ 15 ಗೆಲುವು, 50 ಸೋಲು. ಸದಾ ಓಡುತ್ತ, ಜೊತೆಗಾರನ ನಡೆಯನ್ನು ಓದುತ್ತ ಆಡಬೇಕಾದ ಕರ್ ಪದ್ಧತಿ ಪಳಗಿದವರಿಗೆ ಒಗ್ಗುತ್ತದೆ, ಹೊಸಬರನ್ನು ತಡಕಾಡಿಸುತ್ತದೆ. ಹೊಸಬರಲ್ಲಿ ಜೋರ್ಡನ್ ಪೂಲ್ ಬೆಳೆದದ್ದು ನಿಜ. ಆದರೆ 2020ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆಯ್ಕೆಯಾದ ಜೇಮ್ಸ್ ವೈಸ್‌ಮನ್, ಗಾಯಗಳ ನಡುವೆ ನೆಲೆ ಕಾಣದೆ, 2023ರಲ್ಲಿ ಡೆಟ್ರಾಯಿಟ್‌ಗೆ ಹೋದ. ನಾಲ್ಕು ಪ್ರಶಸ್ತಿ ಗೆದ್ದ ಕೋಚ್ ಎಂದು ಕರ್ ಅವರನ್ನು ಮೆಚ್ಚೋಣ. ಎಳೆಯರನ್ನು ತಿದ್ದುವ ಮೇಷ್ಟ್ರು ಎನ್ನುವಷ್ಟು ಪುರಾವೆ ಇನ್ನೂ ಸಿಕ್ಕಿಲ್ಲ.