ಬೀಳಲಿ ಒಂದು ಬಾರ!

ಚೌಕಾಬಾರಕ್ಕೆ ಕವಡೆಗಿಂತ ಹುಣಸೆಬೀಜವೇ ಮೇಲು. ಕವಡೆಯ ಪಕ್ಷದವರು ಸಿಟ್ಟಾಗಬಹುದು. ಅಜ್ಜಿ ಕೊಟ್ಟ ಕವಡೆ, ರಾಮೇಶ್ವರದಿಂದ ತಂದ ಕವಡೆ ಎಂದು ಅವರವರಿಗೆ ಅವರವರ ಅಭಿಮಾನ. ಕವಡೆಯ ಸದ್ದು ಚೆಂದ, ಅದನ್ನು ಒಪ್ಪಿಕೊಳ್ಳೋಣ. ಆದರೆ ಅದರ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಒಂದೊಂದಕ್ಕೂ ಒಂದೊಂದು ಚಾಳಿ. ಆಡಿ ಪಳಗಿದ ಮನೆಗಳಲ್ಲಿ ಯಾವ ಕವಡೆ ಹೇಗೆ ಮಗುಚುತ್ತದೆ ಎಂಬುದು ದೊಡ್ಡವರಿಗೆ ಗೊತ್ತಿರುತ್ತದೆ, ಮಕ್ಕಳಿಗೆ ಗೊತ್ತಿರುವುದಿಲ್ಲ. ಹುಣಸೆಬೀಜದಲ್ಲಿ ಆ ತಾರತಮ್ಯ ಕಡಿಮೆ.

ಬೀಜ ತಯಾರಿಸುವುದೇ ಅರ್ಧ ಆಟ. ಮಾಘ-ಫಾಲ್ಗುಣದಲ್ಲಿ ಹೊಸ ಹುಣಸೆ ಮನೆಗೆ ಬಂದು, ಬಿಸಿಲಲ್ಲಿ ಒಣಗಿ, ಹಿತ್ತಿಲಲ್ಲಿ ಕುಟ್ಟುವ ಕಾಲಕ್ಕೆ ಬೀಜದ ರಾಶಿ ಬೀಳುತ್ತದೆ. ಅದರಲ್ಲಿ ಅಗಲವಾದ, ಚಪ್ಪಟೆಯಾದ, ಒಂದೇ ಗಾತ್ರದ ನಾಲ್ಕನ್ನು ಆರಿಸಿಕೊಳ್ಳಬೇಕು. ಗುಂಡಗಿರುವುದು ಬೇಡ, ಉರುಳಿಹೋಗುತ್ತದೆ. ಒರಟು ಕಲ್ಲಿನ ಮೇಲೆ ಒಂದೆರಡು ಹನಿ ನೀರು ಬಿಟ್ಟು ಒಂದು ಮಗ್ಗುಲನ್ನು ಉಜ್ಜುತ್ತಾ ಹೋದರೆ ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಮೇಲೆ ಬರುತ್ತದೆ. ಅಲ್ಲಿಗೇ ನಿಲ್ಲಿಸಬಾರದು. ಬೀಜ ಸುಮಾರು ಅರ್ಧ ದಪ್ಪಕ್ಕೆ ಇಳಿಯುವವರೆಗೂ ಉಜ್ಜಬೇಕು, ಆಗಲೇ ಅದು ಎರಡೂ ಕಡೆಗೆ ಹೆಚ್ಚುಕಮ್ಮಿ ಸಮನಾಗಿ ಬೀಳುವುದು. ನೀರಿಲ್ಲದೆ ಉಜ್ಜಿದರೆ ಬೀಜ ಕಾಯುತ್ತದೆ. ಅದನ್ನು ಪಕ್ಕದಲ್ಲಿ ಕೂತವರ ತೋಳಿಗೆ ಚುರ್ ಎನ್ನಿಸುವ ಚೇಷ್ಟೆ ಯಾವ ಹಳ್ಳಿಯ ಮಕ್ಕಳಿಗೂ ಯಾರೂ ಹೇಳಿಕೊಡಬೇಕಾಗಿಲ್ಲ.

ಮಿಕ್ಕ ಸರಂಜಾಮಿಗೆ ಖರ್ಚಿಲ್ಲ. ಕೆಂಪು ಸಿಮೆಂಟಿನ ನೆಲ, ಒಂದು ತುಂಡು ಬಳಪ. ಐದಕ್ಕೆ ಐದು ಮನೆ, ಅಂದರೆ ಇಪ್ಪತ್ತೈದು. ನಾಲ್ಕೂ ಬದಿಯ ನಡುಮನೆಗಳಿಗೂ ಒಟ್ಟು ನಡುವಿನ ಮನೆಗೂ ಅಡ್ಡಗೀಟು. ಅವು ಕಟ್ಟೆ, ಅಲ್ಲಿ ಕೂತವರನ್ನು ಯಾರೂ ಕಡಿಯುವಂತಿಲ್ಲ. ಕಾಯಿಗಳಿಗೆ ಬಳೆಚೂರು, ಅಂಗಿಗುಂಡಿ, ಪೊರಕೆಕಡ್ಡಿಯ ತುಂಡು, ಕಾಫಿಬೀಜ, ಏನಾದರೂ ಆದೀತು. ತಲೆಗೆ ನಾಲ್ಕು ಕಾಯಿ. ಹೊರಸುತ್ತು ಮುಗಿಸಿ, ಒಳಸುತ್ತಿಗೆ ತಿರುಗಿ, ನಡುಮನೆ ಸೇರಿ ಹಣ್ಣಾಗಬೇಕು. ಲೆಕ್ಕ ಹಾಕಿದರೆ ಒಂದು ಕಾಯಿ ಹಣ್ಣಾಗಲು 24 ಹೆಜ್ಜೆ.

ಎಷ್ಟು ಬೀಜ ಬಿಳಿ ಮಗ್ಗುಲು ತೋರಿಸುತ್ತದೋ ಅಷ್ಟು ಮನೆ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕರಿಯಾದರೆ ಬಾರ ಎಂದರೆ ಎಂಟು. ಎರಡಕ್ಕೂ ಮರು ಎಸೆತ ಉಂಟು. ಇಷ್ಟನ್ನು ಎಲ್ಲರೂ ಬಲ್ಲರು. ಅನೇಕರು ಗಮನಿಸದಿರುವುದು ಇದರ ಒಳಗಿನ ಗಣಿತ. ನಾಲ್ಕು ಬೀಜ ಬೀಳಲು ಒಟ್ಟು 16 ಬಗೆ. ಅದರಲ್ಲಿ ಎರಡು ಬೀಳುವುದು 6 ಬಗೆಯಲ್ಲಿ, ಒಂದು ಮತ್ತು ಮೂರು ತಲಾ 4 ಬಗೆಯಲ್ಲಿ, ಚೌಕ ಒಂದೇ ಬಗೆಯಲ್ಲಿ, ಬಾರವೂ ಒಂದೇ ಬಗೆಯಲ್ಲಿ. ಹೀಗಾಗಿ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ಹೋಗಿ ಕೂರುವವನು ತಾನಾಗಿಯೇ ಕತ್ತು ಕೊಟ್ಟ ಹಾಗೆ. ಐದು ಅಥವಾ ಏಳು ಮನೆ ಮುಂದಿದ್ದರೆ ಹೆಚ್ಚು ಹೆದರಬೇಕಾಗಿಲ್ಲ. ಚೌಕ ಬಿದ್ದು, ಬೆನ್ನಿಗೇ ಒಂದೋ ಮೂರೋ ಬಿದ್ದರೆ ಮಾತ್ರ ಅಪಾಯ, ಒಂದೊಂದೂ 64ರಲ್ಲಿ ಒಂದು ಸಲದ ಮಾತು. ನಮ್ಮ ಅಜ್ಜಿಯರು ಈ ಲೆಕ್ಕವನ್ನು ಕಾಗದದ ಮೇಲೆ ಬರೆದವರಲ್ಲ. ಆದರೂ ‘ಅಲ್ಲಿ ಕೂರಬೇಡ್ವೋ ಮಗಾ, ಎರಡು ಬಿದ್ರೆ ಹೋದೆ’ ಎಂದು ಎಚ್ಚರಿಸುತ್ತಿದ್ದರು. ಎಚ್ಚರಿಸಿದ ಮೇಲೂ ಅಲ್ಲೇ ಕೂತರೆ ಒಂದಿಷ್ಟೂ ಕರುಣೆಯಿಲ್ಲದೆ ಕಡಿಯುತ್ತಿದ್ದರು. ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ದಾರಿಯಿಲ್ಲ ಎಂಬ ನಿಯಮ ಈ ಆಟದ ಜೀವಾಳ. ಎಷ್ಟೇ ಸಾಧುಸ್ವಭಾವದವರಾದರೂ ಮೊಮ್ಮಗನ ಮೇಲೆ ಒಮ್ಮೆ ಕೈಮಾಡಲೇಬೇಕು.

2020ರ ಲಾಕ್‌ಡೌನಿನಲ್ಲಿ ಮೊಬೈಲಿನ ಲೂಡೊ ಮನೆಮನೆ ಹೊಕ್ಕಿತು. ನಮ್ಮ ಪಗಡೆಯ ಕುಲದ ಆಟವನ್ನೇ ಇಂಗ್ಲೆಂಡಿನಲ್ಲಿ ಸರಳಗೊಳಿಸಿ 1896ರಲ್ಲಿ ಆ ಹೆಸರಿನಲ್ಲಿ ಪೇಟೆಂಟ್ ಮಾಡಿಸಿದ್ದರು. ಅದು ನೆಂಟನೇ ಹೌದು, ಆದರೆ ನನಗೆ ರುಚಿಸುವುದಿಲ್ಲ. ಲೂಡೊ ದಾಳದಲ್ಲಿ ಒಂದರಿಂದ ಆರರವರೆಗೆ ಎಲ್ಲಕ್ಕೂ ಸಮಪಾಲು. ಎಲ್ಲಿ ಕೂತರೆ ಕ್ಷೇಮ ಎಂಬ ಯೋಚನೆಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಜೊತೆಗೆ ಮೊಬೈಲು ತಾನೇ ಎಣಿಸಿ ತಾನೇ ನಡೆಸುತ್ತದೆ. ಒಂದು ಮನೆ ಹೆಚ್ಚಿಗೆ ಎಣಿಸಿ ಸಿಕ್ಕಿಬೀಳುವ ಮಾವ ಇಲ್ಲದ ಮೇಲೆ ಆಟವಾದರೂ ಏನು?

ಹಾಗೆಂದು ಎಲ್ಲ ಹಳೆಯ ಆಟವೂ ಸಂಸಾರಕ್ಕೆ ಹೊಂದುತ್ತದೆ ಎನ್ನಲಾರೆ. ಅಳಗುಳಿಮಣೆ ನೋಡಿ, ಕರಾವಳಿಯವರ ಚೆನ್ನೆಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಳು. ದಾಳವಿಲ್ಲ, ಅದೃಷ್ಟವಿಲ್ಲ, ಬರೀ ಲೆಕ್ಕ. ಸೋತವರಿಗೆ ತಮ್ಮ ಬುದ್ಧಿಯನ್ನಲ್ಲದೆ ಬೇರೇನನ್ನೂ ದೂರಲು ಬಾರದು. ತುಳುನಾಡಿನ ಸಿರಿ ಪಾಡ್ದನದಲ್ಲಿ ಅವಳಿ ಸೋದರಿಯರಾದ ಅಬ್ಬಗ-ದಾರಗರು ಚೆನ್ನೆಯಾಟದ ಜಗಳದಲ್ಲೇ ಪ್ರಾಣ ಕಳೆದುಕೊಳ್ಳುತ್ತಾರೆ. ಚೌಕಾಬಾರದಲ್ಲಿ ಸೋತವರು ‘ಹಾಳಾದ ಬೀಜ’ ಎಂದು ನಾಲ್ಕು ಸಲ ಬೈದರೆ ಮುಗಿಯಿತು, ರಾತ್ರಿ ಊಟಕ್ಕೆ ಎಲ್ಲರೂ ಒಂದೇ ಪಂಕ್ತಿ. ಎಂಟು ವರ್ಷದ ಹುಡುಗಿ ಎಂಬತ್ತರ ಮುತ್ತಜ್ಜನನ್ನು ನ್ಯಾಯವಾಗಿ ಸೋಲಿಸಬಲ್ಲ ಆಟ ಮನೆಯಲ್ಲಿ ಬೇರೆ ಯಾವುದಿದೆ? ಯಾರೂ ಬೇಕೆಂದು ಸೋಲಬೇಕಾಗಿಲ್ಲ, ಮಕ್ಕಳಿಗೆ ಅದು ಬೇಗ ತಿಳಿದುಹೋಗುತ್ತದೆ.

ಅರಸರೂ ಈ ಹುಚ್ಚಿಗೆ ಹೊರತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಮಣೆಯಾಟಗಳನ್ನು ಹೊಸೆದರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳಿಗೂ ಜಾಗವಿದೆ. ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೂ ಯಾರೋ ಬಿಡುವಿನಲ್ಲಿ ಕೆತ್ತಿಕೊಂಡ ಆಟದ ಮನೆಗಳಿವೆ.

ಇನ್ನು ಆಟದ ಜೊತೆಯ ತಿಂಡಿ. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮೈಸೂರು ಕಡೆಯ ಚುರುಮುರಿ ನನಗೆ ಪ್ರಾಣ, ಆದರೆ ಆಟದ ನಡುವೆ ಬೇಡ. ಕೊಬ್ಬರಿ ಎಣ್ಣೆಯ ಕೈ ತಾಗಿದರೆ ಬೀಜ ಜಾರುತ್ತದೆ, ಬಳಪದ ಗೆರೆ ಅಳಿಯುತ್ತದೆ. ಧಾರವಾಡದ ಗಿರ್ಮಿಟ್, ಅದರ ಮಗ್ಗುಲ ಮಿರ್ಚಿಭಜಿ ಇವು ಗೆದ್ದವರ ಸತ್ಕಾರಕ್ಕೆ, ಆಟ ಮುಗಿದ ಮೇಲೆ. ಬೇಕರಿಯ ಕಾಂಗ್ರೆಸ್ ಕಡಲೆಬೀಜ ಪರವಾಗಿಲ್ಲ. ಆದರೂ ಅದರ ಅರಿಸಿನದ ಪುಡಿ ಉಜ್ಜಿದ ಬೀಜದ ಬಿಳುಪನ್ನು ಎರಡು ದಿನದಲ್ಲಿ ಹಳದಿ ಮಾಡುತ್ತದೆ.

ಚೌಕಾಬಾರಕ್ಕೆ ತಕ್ಕ ತಿಂಡಿ ಒಂದೇ, ಚಿಗಳಿ. ಬೀಜ ಕೊಟ್ಟ ಹುಣಸೆಯೇ ಇದನ್ನೂ ಕೊಡುತ್ತದೆ. ನಾರು ತೆಗೆದ ಹಣ್ಣು, ಅದರ ಮುಕ್ಕಾಲು ಪಾಲು ಬೆಲ್ಲ, ಉಪ್ಪು, ಜೀರಿಗೆ, ಒಂದೆರಡು ಒಣಮೆಣಸಿನಕಾಯಿ. ಒರಳಲ್ಲಿ ಕುಟ್ಟಬೇಕು. ಮಿಕ್ಸಿಗೆ ಹಾಕಿದರೆ ಬ್ಲೇಡಿಗೆ ಅಂಟಿ ಮೋಟಾರು ಮುನಿಯುತ್ತದೆ, ಜೀರಿಗೆಯೂ ಹಿಟ್ಟಾಗಿ ಪರಿಮಳ ಸಾಯುತ್ತದೆ. ಹಳೆಯ ಹುಣಸೆ ಸಾರಿಗಿರಲಿ, ಚಿಗಳಿಗೆ ಹೊಸಹುಳಿಯೇ ಆಗಬೇಕು. ಅದರ ಹುಳಿ ಚೂಪಲ್ಲ, ಬಣ್ಣವೂ ಕೆಂಪು. ಮೆಣಸಿನಕಾಯಿಯ ಬದಲು ಕಾಳುಮೆಣಸು ಹಾಕುವವರಿದ್ದಾರೆ, ತಿಂದಿದ್ದೇನೆ, ಒಪ್ಪಲಾರೆ. ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಹೊಸ ಪೊರಕೆಯ ಕಡ್ಡಿಗೆ ಸಿಕ್ಕಿಸಿದರೆ ಎಡಗೈಗೆ ಅದು, ಬಲಗೈಗೆ ಬೀಜ. ಕೈಗೆ ಅಂಟಿಲ್ಲ, ಬಾಯಿಗೆ ಬಿಡುವಿಲ್ಲ. ಎದುರಾಳಿ ಯೋಚಿಸುವಾಗ ಪಕ್ಕದವರು ಉಪದೇಶ ಕೊಡುವುದೂ ತಪ್ಪುತ್ತದೆ.

ಕೊನೆಗೆ ಓದುಗರಲ್ಲಿ ಒಂದು ಕೋರಿಕೆ. ಒಂದರ ಹಿಂದೊಂದು ಮೂರು ಬಾರ ಬಿದ್ದರೆ ಕೆಲವು ಮನೆಗಳಲ್ಲಿ ಮೂರೂ ಸುಟ್ಟುಹೋದವೆಂದು ಲೆಕ್ಕ, ಕೆಲವು ಮನೆಗಳಲ್ಲಿ ಇಪ್ಪತ್ನಾಲ್ಕನ್ನೂ ನಡೆಸಿಕೊಳ್ಳಬಹುದು. ಒಂದೇ ಮನೆಯಲ್ಲಿ ಕೂಡಿದ ಜೋಡಿಕಾಯಿಯ ನಿಯಮವಂತೂ ಬೀದಿಗೊಂದು. ಹೀಗೆ ಮನೆಮನೆಯಲ್ಲಿ ಬೇರೆಯಾಗುವ ನಿಯಮಗಳನ್ನು ಯಾರಾದರೂ ಒಂದೆಡೆ ಬರೆದಿಡುವುದು ಒಳ್ಳೆಯದು. ನಿಮ್ಮ ಮನೆಯ ಪದ್ಧತಿ ಯಾವುದು, ಅದನ್ನು ಯಾರಿಂದ ಕಲಿತಿರಿ ಎಂಬುದನ್ನು ಊರಿನ ಹೆಸರಿನೊಂದಿಗೆ ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ.